ಶೇ 48ರ ಹಿಂದೆ ಏನಿದೆ?

ಶಿಕಾಗೊದ ರಶ್ ವಿಶ್ವವಿದ್ಯಾಲಯದ ಥಾಮಸ್ ಹಾಲೆಂಡ್ ಮತ್ತು ಸಂಗಡಿಗರು 2020ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಿಂದ ಜನ ಎತ್ತಿಕೊಂಡದ್ದು ಒಂದೇ ಅಂಕಿ: ಶೇ 48. ಸೊಪ್ಪು, ಚಹಾ, ಟೊಮೆಟೊಗಳಲ್ಲಿರುವ ಫ್ಲೇವನಾಲ್ ಎಂಬ ಪಾಲಿಫಿನಾಲ್‌ಗಳನ್ನು ಅತಿ ಹೆಚ್ಚು ಸೇವಿಸಿದವರಿಗೆ ಅಲ್ಝೈಮರ್ಸ್ ಬರುವ ಸಂಭವ ಅತಿ ಕಡಿಮೆ ಸೇವಿಸಿದವರಿಗಿಂತ ಅಷ್ಟು ಕಡಿಮೆಯಂತೆ. ಶಿಕಾಗೊ ಸುತ್ತಲಿನ 921 ವೃದ್ಧರನ್ನು ಸುಮಾರು ಆರು ವರ್ಷ ಗಮನಿಸಲಾಗಿತ್ತು. ಅವರ ಸರಾಸರಿ ವಯಸ್ಸು 81. 220 ಮಂದಿಗೆ ರೋಗ ಬಂತು. ಎರಡು ಗುಂಪುಗಳ ನಡುವಿನ ಅಂತರವೋ ದಿನಕ್ಕೆ ಹತ್ತು ಮಿಲಿಗ್ರಾಂ!

ಅಧ್ಯಯನದ ನಿಜವಾದ ಬೆಲೆ ಫ್ಲೇವನಾಲ್‌ಗಳನ್ನು ಬಿಡಿಬಿಡಿಯಾಗಿ ನೋಡಿದ್ದರಲ್ಲಿದೆ. ಕೇಂಪ್‌ಫೆರಾಲ್ ಹೆಚ್ಚು ಸೇವಿಸಿದವರಲ್ಲಿ ಸಂಭವ ಶೇ 51ರಷ್ಟು ಕಡಿಮೆ. ಕ್ವೆರ್ಸೆಟಿನ್‌ಗೆ ಮಾತ್ರ ಸಂಬಂಧವೇ ಕಾಣಲಿಲ್ಲ. ಶಿಕಾಗೊ ಇರಲಿ ಡೆಟ್ರಾಯಿಟ್ ಇರಲಿ, ವಿಟಮಿನ್ ಕಪಾಟಿನಲ್ಲಿ ಗುಳಿಗೆಯಾಗಿ ಕೂತಿರುವುದು ಈ ಕ್ವೆರ್ಸೆಟಿನ್ನೇ.

ನನ್ನ ತಕರಾರು ಬೇರೆ ಕಡೆಗಿದೆ. ಊಟದ ಲೆಕ್ಕ ಬಂದದ್ದು ಪ್ರಶ್ನಾವಳಿಯಿಂದ, ಅಂದರೆ ನೆನಪಿನಿಂದ. ಮರೆವು ರೋಗವೆಂದು ಗೊತ್ತಾಗುವುದಕ್ಕೆ ವರ್ಷಗಳ ಮುಂಚೆಯೇ ಅಡುಗೆಯ ಉತ್ಸಾಹ ಇಳಿದಿರಬಹುದು. ಸೊಪ್ಪು ಬಿಟ್ಟದ್ದರಿಂದ ರೋಗವೋ, ರೋಗ ಶುರುವಾದ್ದರಿಂದ ಸೊಪ್ಪು ಬಿಟ್ಟರೋ? ಮೇಲಾಗಿ ಇದು ಬಹುಪಾಲು ಬಿಳಿಯರ ತಟ್ಟೆಯ ಲೆಕ್ಕ. ಶಿಕಾಗೊ ಬಳಿಯ ನೇಪರ್‌ವಿಲ್‌ನಲ್ಲೋ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲೋ ಇರುವ ಕನ್ನಡದ ಮನೆಯ ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ? ನುಗ್ಗೆಸೊಪ್ಪಿನಲ್ಲಿ ಕೇಂಪ್‌ಫೆರಾಲ್ ಉಂಟು, ನಿಜ. ಅದರಿಂದ ಶೇ 51ನ್ನು ನಮ್ಮ ಅಡುಗೆಮನೆಗೆ ಎಳೆದು ತರಲಾಗದು.

ರಶ್‌ನವರನ್ನು ಮೆಚ್ಚಬೇಕಾದದ್ದು ತಮ್ಮ ನಂಬಿಕೆಯನ್ನೇ ಒರೆಗೆ ಹಚ್ಚಿದ್ದಕ್ಕೆ. ಅಲ್ಲಿನ ಮಾರ್ಥಾ ಕ್ಲೇರ್ ಮಾರಿಸ್ ರೂಪಿಸಿದ, ಸೊಪ್ಪು ಮತ್ತು ಬೆರ್ರಿ ಹಣ್ಣುಗಳಿಗೆ ಒತ್ತು ಕೊಡುವ ‘ಮೈಂಡ್’ ಆಹಾರಕ್ರಮವನ್ನು ಶಿಕಾಗೊ ಮತ್ತು ಬಾಸ್ಟನ್‌ಗಳಲ್ಲಿ 604 ಮಂದಿಯ ಮೇಲೆ ಮೂರು ವರ್ಷ ಪರೀಕ್ಷಿಸಲಾಯಿತು. 2023ರಲ್ಲಿ ಬಂದ ಫಲಿತಾಂಶ ಸಪ್ಪೆ: ಮೈಂಡ್ ಗುಂಪಿಗೂ, ಬರೀ ಕ್ಯಾಲೊರಿ ತುಸು ಇಳಿಸಿಕೊಂಡವರಿಗೂ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ. ಎರಡೂ ಗುಂಪುಗಳು ಸುಧಾರಿಸಿದ್ದವು. ದಶಕಗಟ್ಟಲೆ ಬೆಳೆಯುವ ರೋಗಕ್ಕೆ ಮೂರು ವರ್ಷ ಸಾಲದೆಂಬ ವಾದದಲ್ಲಿ ಹುರುಳಿದೆ, ಆದರೆ ಅದು ಪುರಾವೆಯ ಜಾಗದಲ್ಲಿ ಕೂರಲಾರದು.

ಶಿಕಾಗೊವೂ ಒಂದು ಕೇಂದ್ರವಾಗಿದ್ದ ‘ಯುಎಸ್ ಪಾಯಿಂಟರ್’ ಪ್ರಯೋಗ 2025ರಲ್ಲಿ ಇದಕ್ಕಿಂತ ಹುರುಪಿನ ಸುದ್ದಿ ಕೊಟ್ಟಿತು. ಅಲ್ಲಿ ಮೈಂಡ್ ಊಟದ ಜೊತೆಗೆ ವ್ಯಾಯಾಮ, ಮೆದುಳಿಗೆ ಕಸರತ್ತು, ರಕ್ತದೊತ್ತಡದ ನಿಗಾ ಎಲ್ಲವೂ ಒಟ್ಟಿಗಿದ್ದವು. ಸೊಪ್ಪಿನ ಪಾಲೆಷ್ಟೆಂದು ಬಿಡಿಸಿ ಹೇಳಲು ಆ ಪ್ರಯೋಗದಲ್ಲಿ ದಾರಿಯಿಲ್ಲ.