ಸ್ಫೋಟವಾದಕ್ಕೆ ಕಿವಿಯ ಸಾಕ್ಷ್ಯ

“ರಸ” ಎಂಬ ಮಾತಿನಲ್ಲಿ ರಕಾರವು ಕೇಳಿಸಿ ಅಡಗಿದ ಮೇಲೆಯೇ ಸಕಾರವು ಹುಟ್ಟುವುದು. ಎರಡೂ ಒಂದೇ ಕ್ಷಣದಲ್ಲಿ ಕಿವಿಯಲ್ಲಿ ನಿಲ್ಲುವುದಿಲ್ಲ. ಹೀಗಿರಲು ಅರ್ಥವನ್ನು ಕೊಡತಕ್ಕದ್ದು ಯಾವುದು? ಹಿಂದಿನ ವರ್ಣಗಳ ಸಂಸ್ಕಾರದೊಡನೆ ಕೂಡಿದ ಕಡೆಯ ವರ್ಣವೇ ಎಂದು ಮೀಮಾಂಸಕನಾದ ಶಬರಸ್ವಾಮಿಯ ಉತ್ತರ. ವಾಕ್ಯಪದೀಯದ ಭರ್ತೃಹರಿಗಾದರೋ ವಾಕ್ಯವು ಅಖಂಡವಾದದ್ದು. ಧ್ವನಿಗಳು ಅದನ್ನು ಮೊದಲು ಮಸುಕಾಗಿಯೂ ಕಡೆಗೆ ಸ್ಪಷ್ಟವಾಗಿಯೂ ಬೆಳಗಿಸುತ್ತವೆ. ಇದೇ ಸ್ಫೋಟ. ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಇದನ್ನು ಖಂಡಿಸಿದನು. ಮಂಡನಮಿಶ್ರನು ಸ್ಫೋಟಸಿದ್ಧಿಯಲ್ಲಿ ಮತ್ತೆ ಎತ್ತಿಹಿಡಿದನು.

ಈ ವಿವಾದವನ್ನು ಬರಿಯ ವಾಗ್ಯುದ್ಧವೆಂದು ತಳ್ಳುವವರುಂಟು. ಅಂಥವರು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರೆನ್ 1970ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ನೋಡಬೇಕು. ಧ್ವನಿಮುದ್ರಿತವಾದ ಇಂಗ್ಲಿಷ್ ವಾಕ್ಯವೊಂದರಲ್ಲಿ “ಲೆಜಿಸ್ಲೇಚರ್ಸ್” ಎಂಬ ಪದದ ಮೊದಲ ಸಕಾರವನ್ನು ಕತ್ತರಿಸಿ ಅಲ್ಲಿ ಕೆಮ್ಮಿನ ಸದ್ದನ್ನು ಸೇರಿಸಲಾಗಿತ್ತು. ಕೇಳಿದ 20 ಮಂದಿಯಲ್ಲಿ 19 ಮಂದಿ ಯಾವ ವರ್ಣವೂ ಲೋಪವಾಗಿಲ್ಲವೆಂದರು. ಉಳಿದೊಬ್ಬರು ತಪ್ಪು ವರ್ಣವನ್ನು ಹೆಸರಿಸಿದರು. ಕೆಮ್ಮು ಬಂದ ಎಡೆಯನ್ನೂ ಯಾರೂ ಸರಿಯಾಗಿ ಗುರುತಿಸಲಿಲ್ಲ. ಇಲ್ಲದ ಸಕಾರವು ಕೇಳಿಸಿತು! ಕಿವಿಗೆ ಬೀಳದ ವರ್ಣವು ಸಂಸ್ಕಾರವನ್ನು ಉಳಿಸಿದ್ದು ಹೇಗೆ? ಮೀಮಾಂಸಕರ ಲೆಕ್ಕವು ಇಲ್ಲಿ ಕೂಡಿಬರುವುದಿಲ್ಲ.

ಇಷ್ಟರಿಂದ ಭರ್ತೃಹರಿಯೇ ಗೆದ್ದನೆನ್ನುವುದು ಆತುರ. ಕೆಮ್ಮಿಗೆ ಬದಲಾಗಿ ಬರಿಯ ಮೌನವನ್ನಿಟ್ಟಾಗ ಲೋಪವು ಬಯಲಾಯಿತು. ಮನಸ್ಸು ಶೂನ್ಯದಿಂದ ವರ್ಣವನ್ನು ಸೃಷ್ಟಿಸದು. ವರ್ಣವನ್ನು ಮರೆಮಾಡಬಲ್ಲ ಸದ್ದೊಂದು ಬೇಕು, ಆ ಪದದ ಹಳೆಯ ಪರಿಚಯವೂ ಬೇಕು. ಪರಿಚಯವೆಂದರೆ ಸಂಸ್ಕಾರವೇ ಅಲ್ಲವೆ? ವಾಕ್ಯವನ್ನು ಇಡಿಯಾಗಿ ಗ್ರಹಿಸುತ್ತೇವೆಂಬ ಮಾತು ಭರ್ತೃಹರಿಯ ಪಾಲಿಗೆ ಸಲ್ಲಲಿ. ಸ್ಫೋಟವು ನಿತ್ಯವೆಂಬುದಕ್ಕೆ ಕೆಮ್ಮು ಸಾಕ್ಷಿಯಾಗಲಾರದು.

ಇಡಿಯಾಗಿ ಗ್ರಹಿಸುವ ಈ ಸಂಗತಿಗೆ ಕನ್ನಡ ಕಾವ್ಯವಾಚನದಲ್ಲಿಯೇ ನಿದರ್ಶನವಿದೆ. ಕುಮಾರವ್ಯಾಸನ ಭಾಮಿನೀ ಷಟ್ಪದಿಯಲ್ಲಿ ಪದವು ಒಂದು ಪಾದದ ಕೊನೆಯಲ್ಲಿ ತುಂಡಾಗಿ ಮುಂದಿನ ಪಾದಕ್ಕೆ ಹಾಯುವುದು ಸಾಮಾನ್ಯ. ಪಾದಪಾದಕ್ಕೂ ನಿಲ್ಲುವ ವಾಚಕನು ಎಲ್ಲ ವರ್ಣಗಳನ್ನೂ ಶುದ್ಧವಾಗಿ ಉಚ್ಚರಿಸಿಯೂ ಅರ್ಥವನ್ನು ಕೆಡಿಸುತ್ತಾನೆ. ಬಲ್ಲ ಗಮಕಿಯು ಅನ್ವಯವನ್ನರಿತು ಉಸಿರು ತೆಗೆದುಕೊಳ್ಳುತ್ತಾನೆ; ಆಗ ಪಕ್ಕದಲ್ಲಿ ಮಗು ಅತ್ತರೂ, ರಾಗದಲ್ಲಿ ಒಂದೆರಡು ಅಕ್ಷರ ಮುಳುಗಿದರೂ ಕೇಳುವವರಿಗೆ ಕಥೆಯು ಕೈತಪ್ಪದು. ಮನೆಗಳಲ್ಲಿ ಮಕ್ಕಳಿಗೆ ಭಾರತವನ್ನು ಓದಿಸುವವರು ಅಕ್ಷರದೋಷವನ್ನು ಗದರಿಸಿ ತಿದ್ದುತ್ತಾರೆ. ಉಸಿರು ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುವವರು ವಿರಳ.