ವಿಡಿಯೋ ಗೇಮಿನಲ್ಲಿ ಇತಿಹಾಸ: ಹೊಸಬರಿಗೊಂದು ಕೈಪಿಡಿ

ಬಾಗಲಕೋಟೆ ಜಿಲ್ಲೆಯ ಸಾವಳಗಿಯಿಂದ ಈಶಾನ್ಯಕ್ಕೆ ಹೊರಟರೆ ಆದಿಲಶಾಹಿಗಳ ವಿಜಯಪುರ. ಕೃಷ್ಣೆ ದಾಟಿ ದಕ್ಷಿಣಕ್ಕೆ ಬಂದರೆ ಜಮಖಂಡಿ, ಮುಧೋಳ, ಅದರಾಚೆ 1857ರಲ್ಲಿ ಬಂಡೆದ್ದ ಹಲಗಲಿ. ಈ ಸೀಮೆಯ ಶತಮಾನಗಳು ಜಗತ್ತಿನ ಹೆಸರಾಂತ ವಿಡಿಯೋ ಗೇಮುಗಳಲ್ಲೂ ಇವೆ. ಅವನ್ನು ಗೆಲ್ಲುವ ಉಪಾಯ ಹೇಳಿಕೊಡುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವುಗಳೊಳಗಿನ ಇತಿಹಾಸವನ್ನು ಓದುವುದು ಬೇರೆಯೇ ವಿದ್ಯೆ, ಅದನ್ನೂ ಕಲಿಯಬಹುದು.

ಮೊದಲ ಪಾಠ, ಚಿತ್ರಕ್ಕೆ ಮರುಳಾಗುವ ಮುನ್ನ ನಿಯಮ ನೋಡುವುದು. ಕೋಟೆ, ಅಂಬಾರಿ, ಕತ್ತಿಗಳ ಅಂದ ಎಲ್ಲ ಆಟಗಳಲ್ಲೂ ಇರುತ್ತದೆ. ಆದರೆ ಯಾವುದಕ್ಕೆ ಅಂಕ ಸಿಗುತ್ತದೆ, ಯಾವುದಕ್ಕೆ ದಂಡ ಬೀಳುತ್ತದೆ, ಯಾವುದು ಲೆಕ್ಕಕ್ಕೇ ಬರುವುದಿಲ್ಲ ಎಂಬುದರಲ್ಲಿ ಆಟ ಕಟ್ಟಿದವರು ಇತಿಹಾಸವನ್ನು ಹೇಗೆ ತಿಳಿದಿದ್ದಾರೆ ಎನ್ನುವುದು ಗೊತ್ತಾಗುತ್ತದೆ.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2013ರಲ್ಲಿ ತಂದ ‘ಯುರೋಪಾ ಯೂನಿವರ್ಸಲಿಸ್ 4’ ಇದಕ್ಕೆ ಒಳ್ಳೆಯ ಉದಾಹರಣೆ. ಆಟ ಶುರುವಾಗುವುದು 1444ರ ನವೆಂಬರ್ 11ರಂದು. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆ. ಆಡುವವರು ವಿಜಯನಗರವನ್ನೂ ಆರಿಸಿಕೊಳ್ಳಬಹುದು, ಬಹಮನಿ ರಾಜ್ಯವನ್ನೂ ಆರಿಸಿಕೊಳ್ಳಬಹುದು. ನೆರೆಯವರ ನೆಲವನ್ನು ಅವಸರದಲ್ಲಿ ನುಂಗುತ್ತ ಹೋದರೆ ಇಲ್ಲಿ ಒಂದು ಅಪಾಯವಿದೆ: ಸುತ್ತಲಿನ ರಾಜ್ಯಗಳ ಸಿಟ್ಟು ಏರುತ್ತದೆ, ಒಂದು ಹಂತ ದಾಟಿದ ಮೇಲೆ ಅವೆಲ್ಲ ಒಂದಾಗಿ ಮೇಲೆ ಬೀಳುತ್ತವೆ.

1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಸೀಮೆಯಲ್ಲಿ ನಡೆದದ್ದನ್ನು ಈ ನಿಯಮದ ಪಕ್ಕ ಇಟ್ಟು ನೋಡಬೇಕು. ವಿಜಯನಗರದ ಅಳಿಯ ರಾಮರಾಯ ದಖ್ಖನ್ನಿನ ಸುಲ್ತಾನರಲ್ಲಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಬಂದಿದ್ದ. ಕೊನೆಗೆ ಅವರೇ ಕೈಜೋಡಿಸಿದರು. ಅಹಮದನಗರದ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿ ವಿಜಯಪುರದ ಮೊದಲನೇ ಅಲಿ ಆದಿಲ್ ಶಾಹನ ಕೈಹಿಡಿದಳು, ಅಲಿಯ ತಂಗಿ ಅಹಮದನಗರದ ಸೊಸೆಯಾದಳು. ಹಗೆತನದ ಎರಡು ಮನೆಗಳು ಬೀಗರಾದದ್ದು 1565ರ ತಾಳಿಕೋಟೆ ಕಾಳಗಕ್ಕೆ ದಾರಿ ಮಾಡಿತು. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ‘ಸುಲ್ತಾನರು ಒಂದಾದರು’ ಎಂಬ ಮಾತಿನ ಹಿಂದೆ ಎಷ್ಟು ಭಯ, ಎಷ್ಟು ಲೆಕ್ಕಾಚಾರ ಇತ್ತೆಂಬುದು, ಆಟದಲ್ಲಿ ಒಮ್ಮೆ ಹಾಗೆ ಸಿಕ್ಕಿಬಿದ್ದವರಿಗೆ ಚೆನ್ನಾಗಿ ತಿಳಿಯುತ್ತದೆ. ಈ ಬಗೆಯ ಆಟಗಳ ದೊಡ್ಡ ಗುಣ ಇದು. ಮುಂದೇನಾಯಿತೆಂದು ಗೊತ್ತಿಲ್ಲದ ರಾಜನ ಜಾಗದಲ್ಲಿ ನಮ್ಮನ್ನು ಕೂರಿಸುತ್ತವೆ.

ಎರಡನೆಯ ಪಾಠ, ಆಟ ಹಗುರ ಮಾಡಿದ್ದನ್ನು ಗುರುತಿಸುವುದು. ಆಟದ ಫಿರಂಗಿ ಒಂದು ಕ್ಲಿಕ್ಕಿಗೆ ಹೊರಡುತ್ತದೆ. ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನು 1549ರಲ್ಲಿ ಎರಕ ಹೊಯ್ದದ್ದು ಅಹಮದನಗರದಲ್ಲಿ, ಅದರ ತೂಕ ಸುಮಾರು 55 ಟನ್. ಅಷ್ಟು ದೂರದಿಂದ ಅದನ್ನು ಎಳೆದು ತರಲು ಎಷ್ಟು ಎತ್ತು, ಎಷ್ಟು ಆಳು, ಎಷ್ಟು ಮೇವು ಬೇಕಾಗಿರಬೇಕು ಎಂದು ಅದರ ಎದುರು ನಿಂತು ಯೋಚಿಸಿದವರಿಗೆ ಆಟ ಬಿಟ್ಟುಬಿಟ್ಟ ಇತಿಹಾಸ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಯಾರ ಕಡೆಯಿಂದ ಎಣಿಕೆ ನಡೆದಿದೆ?

2007ರ ‘ಏಜ್ ಆಫ್ ಎಂಪೈರ್ಸ್ 3: ದಿ ಏಷ್ಯನ್ ಡೈನಸ್ಟೀಸ್’ನಲ್ಲಿ 1857ರ ದಂಗೆಯ ಕತೆಯಿದೆ. ನಾಯಕ ನಾನಿಬ್ ಸಾಹಿರ್, ಎದುರಾಳಿ ಕರ್ನಲ್ ಎಡ್ವರ್ಡ್‌ಸನ್, ಇಬ್ಬರೂ ಕಲ್ಪಿತ ಪಾತ್ರಗಳು. ಆಟದ ಮುಖ್ಯ ಸಂಪತ್ತು ಮೂರು: ಆಹಾರ, ಮರ, ನಾಣ್ಯ. ಎದುರಾಳಿಯ ಮನೆ ಕೆಡವಿದರೆ ಅಂಕ ಬರುತ್ತದೆ.

ಇತ್ತ ನಿಜವಾದ 1857ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರ ಬದುಕು, ಮಾನ ಎರಡೂ ಆಯುಧಕ್ಕೆ ಅಂಟಿಕೊಂಡಿದ್ದವು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಬಂಡಾಯಗಾರರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಈ ಹೋರಾಟವನ್ನು ಹಾಡುವ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದರು. ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಅದನ್ನು ಓದಿದವರು ಬಹಳ ಮಂದಿ. ಆ ಲಾವಣಿಕಾರ ಸುಟ್ಟುಹೋದ ಊರಿನಲ್ಲಿ ಕೊಳ್ಳೆಯಾದದ್ದನ್ನೆಲ್ಲ ಪಟ್ಟಿ ಮಾಡುತ್ತಾನೆ: ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಬೀಸುವ ಕಲ್ಲು, ಮಂಗಳಸೂತ್ರ. ಆಟ ಕೆಡವಿದವನ ಕಡೆಯಿಂದ ಎಣಿಸುತ್ತದೆ, ಲಾವಣಿ ಕಳೆದುಕೊಂಡವರ ಕಡೆಯಿಂದ ಎಣಿಸುತ್ತದೆ. ಎರಡನ್ನೂ ಬಲ್ಲವರು ಆಟವನ್ನು ಬಿಡಬೇಕಾಗಿಲ್ಲ. ಆಡುವಾಗಲೇ ತೆರೆಯ ಮೇಲೆ ಉರಿಯುವ ಮನೆಯೊಳಗೆ ಏನಿತ್ತು ಎಂದು ಕೇಳಿಕೊಳ್ಳುತ್ತಾರೆ.

ಕಾಳಗವೇ ಬೇಡ ಎನ್ನುವವರಿಗೂ ದಾರಿಯಿದೆ. 2018ರಲ್ಲಿ ‘ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್’ಗೆ ಸೇರಿಸಿದ ಡಿಸ್ಕವರಿ ಟೂರ್‌ನಲ್ಲಿ ಯುದ್ಧವಿಲ್ಲ. ಪ್ರಾಚೀನ ಈಜಿಪ್ಟಿನ ಬೀದಿ, ಗುಡಿ, ಪಿರಮಿಡ್ಡುಗಳ ನಡುವೆ 75 ಮಾರ್ಗದರ್ಶಿ ಸುತ್ತಾಟಗಳಿವೆ. ಮಕ್ಕಳಿಗೆ ಮೊದಲು ಇದನ್ನು ತೋರಿಸುವುದು ಒಳ್ಳೆಯದು.

ಹೊಸಬರು ಒಂದೇ ಆಟ, ಒಂದೇ ಕಾಲಘಟ್ಟ ಆರಿಸಿಕೊಂಡು ಶುರು ಮಾಡಲಿ. ಬಾಗಲಕೋಟೆ ಜಿಲ್ಲೆಯವರಿಗೆ 1857 ಹತ್ತಿರದ ಕಾಲ. ‘ಏಜ್ ಆಫ್ ಎಂಪೈರ್ಸ್ 3’ರ ಆ ಭಾಗವನ್ನು ಆಡಿ ಮುಗಿಸಿ, ಹಲಗಲಿಯ ಲಾವಣಿಯನ್ನು ಗಟ್ಟಿಯಾಗಿ ಓದಿ, ರಜೆಯಲ್ಲಿ ಹಲಗಲಿಗೆ ಹೋಗಿ ಬನ್ನಿ. ಮನೆಯಲ್ಲಿ ಆಟ ಆಡುವ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.