ಬಫರಿನ ಪ್ರಮಾಣವಿಚಾರ

ಸಿ ಭಾಷೆಯ ಪಾಠಗಳಲ್ಲಿ ಕಡತದಿಂದ ಹೆಸರುಗಳನ್ನು ಓದಿಕೊಳ್ಳುವ ಪ್ರಸಂಗ ಬಂದಾಗಲೆಲ್ಲ, 20 ಬೈಟಿನದೋ 32 ಬೈಟಿನದೋ ಒಂದು ಅರೇಯನ್ನು ಬಫರೆಂದು ಘೋಷಿಸಿ, ಆ ಸಂಖ್ಯೆ ಎಲ್ಲಿಂದ ಬಂದಿತೆಂಬುದಕ್ಕೆ ಒಂದು ಮಾತಿನ ಸಮರ್ಥನೆಯನ್ನೂ ನೀಡದೆ ಮುಂದೆ ಸಾಗುವ ಪದ್ಧತಿಯು ಎಷ್ಟು ರೂಢವಾಗಿದೆಯೆಂದರೆ, ಅದನ್ನು ದೋಷವೆಂದು ಗಣಿಸುವವರೇ ವಿರಳ. ರೋಮನ್ ಲಿಪಿಯ ಹೆಸರುಗಳಿಗೆ ಅದು ಹೇಗೋ ಸಾಲುತ್ತದೆ. ಕನ್ನಡ ಮಲಯಾಳಗಳೆರಡೂ ಬಳಕೆಯಲ್ಲಿರುವ ಕಾಸರಗೋಡಿನ ಕಡತವೊಂದು ಎದುರಾದೊಡನೆ ಅದರ ದೌರ್ಬಲ್ಯ ಪ್ರಕಟವಾಗುತ್ತದೆ.

ಊರಿನ ಹೆಸರನ್ನೇ ಪರೀಕ್ಷಿಸೋಣ. ‘ಕಾಸರಗೋಡು’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 5. ಸ್ವರಚಿಹ್ನೆಗಳನ್ನು ಬೇರೆಯಾಗಿ ಎಣಿಸುವ ಯೂನಿಕೋಡಿನಲ್ಲಿ ಸಂಕೇತಗಳು 8. ಯುಟಿಎಫ್-8 ಕಡತದಲ್ಲಿ ಸಂಕೇತಕ್ಕೆ 3ರಂತೆ ಬೈಟುಗಳು 24. ಸಾಲಿನ ಅಂತ್ಯಚಿಹ್ನೆಯನ್ನೂ ಸ್ಟ್ರಿಂಗನ್ನು ಮುಗಿಸುವ ಶೂನ್ಯ ಬೈಟನ್ನೂ ಕೂಡಿಸಿದರೆ 26. ಕಡತವನ್ನು ಸಾಲುಸಾಲಾಗಿ ಓದುವ ಎಫ್‌ಗೆಟ್ಸ್‌ಗೆ 20ರ ಬಫರನ್ನು ಒಪ್ಪಿಸಿದಲ್ಲಿ, ಅದು ಶೂನ್ಯಕ್ಕೆ ಸ್ಥಳವುಳಿಸಿ 19 ಬೈಟುಗಳನ್ನಷ್ಟೇ ಓದುವುದರಿಂದ, ‘ಕಾಸರಗೋ’ ಎಂಬಲ್ಲಿಗೆ 18 ಮುಗಿದು, ಡಕಾರದ ಮೊದಲನೆಯ ಬೈಟು ಮಾತ್ರ ಒಳಸೇರಿ, ಉಳಿದ ಭಾಗವು ಮುಂದಿನ ಓದಿನಲ್ಲಿ ಬೇರೊಂದು ಊರೆಂಬಂತೆ ತಲೆದೋರುತ್ತದೆ.

ಈ ವಿಕಾರವು ಕಡೆಯ ಪಕ್ಷ ಕಣ್ಣಿಗೆ ಬೀಳುತ್ತದೆ. ‘ಮಂಜೇಶ್ವರ ಗೋವಿಂದ ಪೈ’ ಎಂಬ ಹೆಸರು 50 ಬೈಟಿನದು. 32ರ ಬಫರಿನಲ್ಲಿ ಅದು ಸರಿಯಾಗಿ 31ನೆಯ ಬೈಟಿಗೆ ‘ಮಂಜೇಶ್ವರ ಗೋ’ ಎಂದು ನಿಲ್ಲುತ್ತದೆ. ಯಾವ ಅಕ್ಷರವೂ ಒಡೆಯದು, ಯಾವ ಅಪರಿಚಿತ ಚಿಹ್ನೆಯೂ ಮೂಡದು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಅಪಾಯಕಾರಿ.

ಬಫರಿನ ಮಿತಿಯನ್ನೇ ಕೇಳದೆ ಓದುವ ಗೆಟ್ಸ್, 1988ರ ನವೆಂಬರಿನಲ್ಲಿ ಫಿಂಗರ್ ಸೇವೆಯ 512 ಬೈಟಿನ ಬಫರಿನ ಮೂಲಕ ಕುತಂತ್ರಾಂಶವಾದ ಮಾರಿಸ್ ವರ್ಮ್‌ಗೆ ದಾರಿ ಕೊಟ್ಟ ಅಪಕೀರ್ತಿಯನ್ನು ಹೊತ್ತು, 2011ರ ಸಿ ಮಾನಕದಿಂದ ಬಹಿಷ್ಕೃತವಾಯಿತು. ಎಫ್‌ಗೆಟ್ಸ್ ಮೆಮೊರಿಯನ್ನು ಕೆಡಿಸದು, ನಿಜ. ಆದರೆ ಹೆಸರನ್ನು ಉಳಿಸುವ ಹೊಣೆ ಅದರದಲ್ಲ, ಬರೆದವನದು.

ಅಕ್ಷರಸಂಖ್ಯೆಯನ್ನು ಮೂರರಿಂದ ಗುಣಿಸಿ ನಿಶ್ಚಿಂತರಾಗುವಂತೆಯೂ ಇಲ್ಲ. ಮಲಯಾಳದಲ್ಲಿ ಇದೇ ಊರಿನ ಹೆಸರಿಗೆ ಬರುವ ಚಿಲ್ಲು, ಅಂದರೆ ಸ್ವರವಿಲ್ಲದ, ರಕಾರವು 2008ರ ಯೂನಿಕೋಡ್ 5.1ರಿಂದೀಚೆಗೆ ಒಂದು ಸಂಕೇತ, ಅದಕ್ಕೆ ಹಿಂದೆ ಮೂರು. ಕಾಣುವುದಕ್ಕೆ ಒಂದೇ ಆದ ಹೆಸರು ಹೊಸ ಕಡತದಲ್ಲಿ 24 ಬೈಟು, ಹಳೆಯದರಲ್ಲಿ 30.

ಆದಕಾರಣ ಪ್ರಮಾಣವನ್ನು ಊಹಿಸುವುದನ್ನೇ ಬಿಟ್ಟು, ಓದಿದ ತುಣುಕಿನ ಕೊನೆಯಲ್ಲಿ ಸಾಲಿನ ಅಂತ್ಯಚಿಹ್ನೆಯಿದೆಯೇ ಎಂದು ನೋಡಿ, ಇಲ್ಲದಿದ್ದರೆ ರಿಯಲ್ಲಾಕ್‌ನಿಂದ ಬಫರನ್ನು ಇಮ್ಮಡಿಸಿ ಓದನ್ನು ಮುಂದುವರಿಸುವ ಕ್ರಮವನ್ನು ಮೊದಲ ಪಾಠದಲ್ಲಿಯೇ ಕಲಿಸತಕ್ಕದ್ದು. 2008ರ ಪಾಸಿಕ್ಸ್ ಮಾನಕದ ಗೆಟ್‌ಲೈನ್ ಈ ಕೆಲಸವನ್ನು ತಾನೇ ಮಾಡುತ್ತದೆ. ಬಳಸಿದ ಮೇಲೆ ಆ ಮೆಮೊರಿಯನ್ನು ಫ್ರೀ ಮಾಡುವ ಭಾರವೊಂದು ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ.